ಆರು ಮರಿಗೆ ಆರು ಮನೆ

ಹುತ್ತರಿ ಹಬ್ಬ ಮುಗಿದು ಕಾಫಿ ಕುಯ್ಲು ಶುರುವಾಗುವ ಈ ದಿನಗಳಲ್ಲಿ ನಮ್ಮ ಗಾಳಿಬೀಡಿನಲ್ಲಿ ಎಲ್ಲಿ ನೋಡಿದರೂ ನಾಯಿಮರಿಗಳು. ಲೈನ್‌ಮನೆಯ ಸೌದೆ ರಾಶಿಯ ಹಿಂದೆ ನಾಲ್ಕು, ಅಂಗಡಿ ಜಗಲಿಯ ಕೆಳಗೆ ಮೂರು, ಹಳೇ ಕೊಟ್ಟಿಗೆಯಲ್ಲಿ ಐದು. ಮಳೆಗಾಲದಲ್ಲಿ ಬೆದೆಗೆ ಬಂದ ಬೀದಿನಾಯಿಗಳು ಮರಿ ಹಾಕುವುದು ಸಾಮಾನ್ಯವಾಗಿ ಈ ಚಳಿಯಲ್ಲೇ. ಶಾಲೆಯಿಂದ ಬರುವ ಮಕ್ಕಳು ದಾರಿಯಲ್ಲಿ ನಿಂತು ಮರಿಗಳನ್ನು ಎತ್ತಿ ಮುದ್ದಾಡಿ ಮನೆಗೆ ತಡವಾಗಿ ಬರುತ್ತಾರೆ. ಬಂದವರು ಚೀಲ ಕೆಳಗಿಡುವ ಮೊದಲೇ ಒಂದು ಬೇಡಿಕೆ ಇಡುತ್ತಾರೆ: “ನಮ್ಮ ನಾಯಿಯೂ ಮರಿ ಹಾಕಲಿ!”

ಈ ವಾರ ಆ ಬೇಡಿಕೆಯನ್ನೇ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಬಿ.ಕಾಂ. ಓದಿ ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಯಾವ ವಿಷಯ ಕೊಟ್ಟರೂ ಎಡಕ್ಕೊಂದು ಬಲಕ್ಕೊಂದು ಗೆರೆ ಎಳೆದು ಜಮಾ-ಖರ್ಚು ಬರೆಯುವುದೇ ಅಭ್ಯಾಸ. ನಾಯಿಮರಿಯ ವಿಷಯಕ್ಕೂ ಅದು ಚೆನ್ನಾಗಿ ಒದಗಿಬರುತ್ತದೆ.

ಕಳೆದ ತಿಂಗಳು ನಮ್ಮ ತೋಟದ ಆಚೆಯ ಮನೆಯ ಯುವಕ ಬಂದಿದ್ದ. ಅವನ ಮನೆಯಲ್ಲಿ ಒಂದು ಲ್ಯಾಬ್ರಡಾರ್ ಹೆಣ್ಣುನಾಯಿ ಇದೆ, ಹೆಸರು ರಾಣಿ. ಕಾಫಿ ಕುಡಿಯುತ್ತ ವಿಷಯ ತೆಗೆದ.

“ಮಾವ, ರಾಣಿಗೆ ಒಂದು ಸಲ ಮರಿ ಮಾಡಿಸೋಣ ಅಂತಿದ್ದೇನೆ. ಮಡಿಕೇರಿಯಲ್ಲಿ ಒಳ್ಳೇ ಗಂಡುನಾಯಿ ಇದೆಯಂತೆ. ಮಕ್ಕಳೂ ಬಿಡುತ್ತಿಲ್ಲ.”

“ಸಾಲಕ್ಕೆ ಬಂದವರಿಗೆ ನಾವು ಮೊದಲು ಅರ್ಜಿ ಕೊಡುತ್ತಿದ್ದೆವು. ಬಾ, ಒಂದು ಅರ್ಜಿ ತುಂಬೋಣ” ಎಂದೆ. ನಗುತ್ತ ಒಪ್ಪಿದ. ಅವನ ಮಗಳು, ಆರನೇ ತರಗತಿಯವಳು, ನೋಟ್‌ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಳು. ಅವಳೇ ನಮ್ಮ ಗುಮಾಸ್ತೆ.

ಮೊದಲ ಪ್ರಶ್ನೆ: ಯಾತಕ್ಕೆ?

ಬ್ಯಾಂಕಿನ ಅರ್ಜಿಯಲ್ಲೂ ಮೊದಲು ಕೇಳುವುದು ಇದನ್ನೇ. ಅವನು ಹೇಳಿದ: “ಒಂದು ಸಲವಾದರೂ ಮರಿ ಹಾಕದಿದ್ದರೆ ಹೆಣ್ಣುನಾಯಿಯ ಆರೋಗ್ಯ ಕೆಡುತ್ತದಂತೆ.”

ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಹಿರಿಯರು ಹೇಳಿದ್ದೆಲ್ಲ ಸರಿ ಎನ್ನುವ ವಯಸ್ಸಿಗೆ ನಾನೂ ಬಂದಿದ್ದೇನೆ, ಆದರೆ ಇದು ಮಾತ್ರ ಸರಿಯಲ್ಲ. ಪಶುವೈದ್ಯರನ್ನು ಕೇಳಿದರೆ ತಿರುಗಿಸಿಯೇ ಹೇಳುತ್ತಾರೆ. ಮರಿ ಹಾಕದೆ ಇದ್ದರೆ ನಾಯಿಗೆ ಯಾವ ನಷ್ಟವೂ ಇಲ್ಲ. ಸಂತಾನಶಕ್ತಿ ಹರಣದ ಶಸ್ತ್ರಚಿಕಿತ್ಸೆ ಮಾಡಿಸದ ಹೆಣ್ಣುನಾಯಿಗಳಲ್ಲಿ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದುಂಟು, ಅದು ಪ್ರಾಣಕ್ಕೇ ಅಪಾಯ. ಮೊಲೆಗಳಲ್ಲಿ ಗಡ್ಡೆಯಾಗುವ ಸಂಭವವೂ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿದರೆ ಮೊದಲನೆಯದರ ಭಯ ಇಲ್ಲ, ಎರಡನೆಯದು ಬಹಳ ಕಡಿಮೆ.

ಹಾಗಾದರೆ ಯಾರೂ ಮರಿ ಮಾಡಿಸಲೇಬಾರದೆ? ಹಾಗಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. ಉದ್ದ ಮೂತಿ, ಆಳವಾದ ಎದೆ, ಹೊಟ್ಟೆ ಒಳಕ್ಕೆ ಸೆಳೆದುಕೊಂಡ ಬೇಟೆನಾಯಿ ಅದು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಮುತುವರ್ಜಿಯಿಂದ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ನಾಯಿಗಳನ್ನು ಉಡುಗೊರೆಯಾಗಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ನಾಯಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳವೂ ಒಂದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನಾ ಕೇಂದ್ರವಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಅದನ್ನು ನಡೆಸುತ್ತದೆ. ಮುಧೋಳ ನಾಯಿಗಳು ಸೈನ್ಯಕ್ಕೂ ಸೇರಿವೆ.

ಅಲ್ಲಿ ಮರಿ ಮಾಡಿಸುವುದಕ್ಕೆ ಒಂದು ಉದ್ದೇಶವಿದೆ. ಒಂದು ತಳಿ ಉಳಿಯಬೇಕು, ಆರೋಗ್ಯವಾಗಿ ಉಳಿಯಬೇಕು. ಅದಕ್ಕಾಗಿ ಯಾವ ನಾಯಿಗೆ ಯಾವುದು ಜೋಡಿ ಎಂದು ನೋಡಬೇಕು. ಅಪ್ಪ-ಮಗಳು, ಅಣ್ಣ-ತಂಗಿ ಎಂಬ ಹತ್ತಿರದ ರಕ್ತಸಂಬಂಧ ಸೇರಿದರೆ ಹುಟ್ಟುವ ಮರಿಗಳಲ್ಲಿ ದೋಷ ಬರುವ ಸಂಭವ ಹೆಚ್ಚು. ಮನೆಯಲ್ಲಿ ಮರಿ ಮಾಡಿಸುವವರೂ ಇಷ್ಟನ್ನಾದರೂ ವಿಚಾರಿಸಬೇಕು. “ಮಡಿಕೇರಿಯ ಗಂಡುನಾಯಿಯ ತಾಯಿ ಯಾರದು?” ಎಂದು ಕೇಳಿದೆ. ನಮ್ಮ ಯುವಕನಿಗೆ ಗೊತ್ತಿರಲಿಲ್ಲ. ಗುಮಾಸ್ತೆ ಅಲ್ಲೊಂದು ಪ್ರಶ್ನೆಚಿಹ್ನೆ ಹಾಕಿದಳು.

ಎರಡನೆಯ ಪ್ರಶ್ನೆ: ವಯಸ್ಸು, ಆರೋಗ್ಯ

ಹೆಣ್ಣುನಾಯಿ ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತದೆ. ಆಗ ಅದಿನ್ನೂ ಬೆಳೆಯುವ ಮಗು. ಮರಿ ಮಾಡಿಸುವುದಾದರೆ ಒಂದೂವರೆ ವರ್ಷ ತುಂಬಿರಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಗಳಲ್ಲಿ ಸೊಂಟದ ಕೀಲು ಸಡಿಲವಾಗುವ ದೋಷ ತಾಯಿ-ತಂದೆಯಿಂದ ಮರಿಗೆ ಬರುತ್ತದೆ. ನಾಲ್ಕು-ಐದು ವರ್ಷಕ್ಕೇ ಹಿಂಗಾಲು ಎಳೆಯುತ್ತ ನಡೆಯುವ ನಾಯಿಗಳನ್ನು ನೀವೂ ನೋಡಿರಬಹುದು. ಎಕ್ಸ್‌-ರೇ ತೆಗೆಸಿ ನೋಡಿದರೆ ಈ ದೋಷ ತಿಳಿಯುತ್ತದೆ.

ಬೆದೆ ಸುಮಾರು ಮೂರು ವಾರ ಇರುತ್ತದೆ. ಆ ಮೂರು ವಾರ ಊರಿನ ಗಂಡುನಾಯಿಗಳೆಲ್ಲ ಗೇಟಿನ ಹೊರಗೆ ಸಭೆ ಸೇರುತ್ತವೆ. ಬೇಲಿಯಲ್ಲಿ ಒಂದು ಗೇಣು ಸಂದಿ ಇದ್ದರೂ ಸಾಕು. “ನಾವು ಮಾಡಿಸಿದ್ದಲ್ಲ, ತಾನಾಗಿ ಆಯ್ತು” ಎಂದು ಹೇಳುವವರು ಬಹಳ ಮಂದಿ. ನಾಯಿಯನ್ನು ತಂದು ಸಾಕಿದ ಮೇಲೆ ಬೇಲಿಯ ಸಂದಿಯೂ ನಮ್ಮ ಲೆಕ್ಕಕ್ಕೇ ಸೇರುತ್ತದೆ.

ಮೂರನೆಯ ಪ್ರಶ್ನೆ: 119 ದಿನ ಮನೆಯಲ್ಲಿ ಯಾರಿರುತ್ತಾರೆ?

ಇದು ಮಕ್ಕಳು ಮಾಡಬೇಕಾದ ಲೆಕ್ಕ. ನಾಯಿ ಗರ್ಭ ಹೊರುವುದು ಸುಮಾರು 63 ದಿನ. ಹುಟ್ಟಿದ ಮರಿ ತಾಯಿಯ ಜೊತೆ ಕನಿಷ್ಠ 8 ವಾರ, ಅಂದರೆ 56 ದಿನ ಇರಬೇಕು. 63ಕ್ಕೆ 56 ಕೂಡಿಸಿದರೆ 119. ಸರಿಯಾಗಿ 17 ವಾರ. ಅಕ್ಟೋಬರ್ 1ಕ್ಕೆ ಜೋಡಿ ಮಾಡಿಸಿದರೆ ಡಿಸೆಂಬರ್ 3ರ ಆಸುಪಾಸು ಮರಿ, ಜನವರಿ 28ಕ್ಕೆ ಮೊದಲು ಯಾವ ಮರಿಯೂ ಮನೆ ಬಿಡುವಂತಿಲ್ಲ. ಏಪ್ರಿಲ್ ಮಧ್ಯದಲ್ಲಿ ಜೋಡಿಯಾದರೆ ಮರಿ ಹುಟ್ಟುವುದು ಜೂನ್ ಮಧ್ಯಕ್ಕೆ. ಆ ಹೊತ್ತಿಗೆ ನಮ್ಮ ಊರಿನಲ್ಲಿ ಏನಿರುತ್ತದೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮಳೆ, ಗಾಳಿ, ಬಿದ್ದ ಮರ, ಹೋದ ಕರೆಂಟು.

ಅದಕ್ಕೂ ಮರಿಗೂ ಏನು ಸಂಬಂಧ? ಇದೆ. ಹುಟ್ಟಿದ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ, ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಮೊದಲ ವಾರ ಅದರ ಹಾಸಿಗೆಯ ಹತ್ತಿರ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಬೇಕು. ಗಾಳಿಬೀಡಿನ ಜೂನ್ ತಿಂಗಳಲ್ಲಿ ಅಷ್ಟು ಬಿಸಿ ಒಲೆಯ ಮುಂದೆ ಮಾತ್ರ! ಚಳಿ ಹಿಡಿದ ಮರಿ ಹಾಲು ಕುಡಿಯುವುದಿಲ್ಲ, ಕುಡಿದರೂ ಅರಗುವುದಿಲ್ಲ. ಬಲ್ಬು ಕಟ್ಟಿದ್ದರೆ ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಬೇಕು, ತಣ್ಣಗಾದಾಗ ಬದಲಾಯಿಸಬೇಕು, ಅದೂ ರಾತ್ರಿ ಹೊತ್ತು. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಮಾತ್ರ ಇಡಬೇಡಿ. ಅದರ ಹೊಗೆ ಮರಿಗೂ ವಿಷ, ನಮಗೂ ವಿಷ.

ಹೆರಿಗೆಯ ದಿನದ ವಿಷಯಕ್ಕೆ ಬರೋಣ. ಗರ್ಭದ ಕೊನೆಯ ವಾರದಲ್ಲಿ ಎಕ್ಸ್‌-ರೇ ತೆಗೆಸಿದರೆ ಎಷ್ಟು ಮರಿ ಎಂದು ಎಣಿಸಬಹುದು. ಎಣಿಕೆ ಗೊತ್ತಿದ್ದರೆ ಎಲ್ಲವೂ ಹೊರಬಂದವೋ ಇಲ್ಲವೋ ತಿಳಿಯುತ್ತದೆ. ಹೆರಿಗೆಗೆ ಒಂದು ದಿನ ಮೊದಲು ತಾಯಿಯ ಮೈಬಿಸಿ ಸಾಮಾನ್ಯಕ್ಕಿಂತ ಇಳಿದು 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಬರುತ್ತದೆ. ಆಗಿನಿಂದ ಯಾರಾದರೂ ದೊಡ್ಡವರು ಜೊತೆಗಿರಬೇಕು. ಅರ್ಧ ಗಂಟೆ ಜೋರಾಗಿ ಮುಕ್ಕರಿಸಿದರೂ ಮರಿ ಬಾರದಿದ್ದರೆ, ಒಂದು ಮರಿ ಬಂದು ಇನ್ನೂ ಒಳಗಿರುವಾಗ ಎರಡು ಗಂಟೆ ಕಳೆದರೆ, ಮೊದಲ ಮರಿಗೆ ಮುಂಚೆಯೇ ಹಸಿರು-ಕಪ್ಪು ಸ್ರಾವ ಕಂಡರೆ ತಡಮಾಡದೆ ಪಶುವೈದ್ಯರ ಹತ್ತಿರ ಹೋಗಬೇಕು. ರಾತ್ರಿ ಎರಡು ಗಂಟೆಗೆ ಜೀಪು ಸಿಗುವುದೋ ಇಲ್ಲವೋ ಎಂದು ಹಗಲೇ ವಿಚಾರಿಸಿಟ್ಟಿರಬೇಕು.

ಹುಟ್ಟಿದ ಮೇಲೆ ಮಕ್ಕಳಿಗೆ ಒಂದು ಒಳ್ಳೆಯ ಕೆಲಸವಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ಮರಿಗಳನ್ನು ತೂಗಿ ಪುಸ್ತಕದಲ್ಲಿ ಬರೆಯುವುದು. ಎಂಟು-ಹತ್ತು ದಿನದಲ್ಲಿ ಮರಿಯ ತೂಕ ಹುಟ್ಟಿದಾಗಿನದರ ಎರಡರಷ್ಟಾಗಬೇಕು. 300 ಗ್ರಾಂ ಇದ್ದದ್ದು ಹತ್ತು ದಿನಕ್ಕೆ 600 ಗ್ರಾಂ ಆಗಬೇಕಾದರೆ ದಿನಕ್ಕೆ ಸರಾಸರಿ 30 ಗ್ರಾಂ. ಐದು ಮರಿ ಏರುತ್ತಿದ್ದು ಒಂದು ಮಾತ್ರ ನಿಂತಲ್ಲೇ ನಿಂತಿದ್ದರೆ ಅದಕ್ಕೆ ಹಾಲು ಸಿಗುತ್ತಿಲ್ಲ, ಅಥವಾ ಕಾಯಿಲೆ. ಕಣ್ಣಿಗೆ ಕಾಣುವ ಮೊದಲೇ ಪುಸ್ತಕದಲ್ಲಿ ಕಾಣುತ್ತದೆ. ತೂಗುವ ಮೊದಲು ಕೈ ತೊಳೆಯಿರಿ, ತಾಯಿಗೆ ಇಷ್ಟವಿಲ್ಲದಿದ್ದರೆ ದೊಡ್ಡವರಿಗೆ ಬಿಡಿ. ಕ್ಲಾಸಿನವರನ್ನೆಲ್ಲ ಕರೆತಂದು ತೋರಿಸುವುದು ಮೂರು ವಾರದ ನಂತರ.

ಹತ್ತರಿಂದ ಹದಿನಾಲ್ಕು ದಿನಕ್ಕೆ ಕಣ್ಣು ಬಿಡುತ್ತದೆ. ಎರಡು ವಾರಕ್ಕೆ ಜಂತುಹುಳುವಿನ ಔಷಧ ಶುರು. ಮೂರು-ನಾಲ್ಕು ವಾರಕ್ಕೆ ಮೆತ್ತಗಿನ ಊಟ. ಆರರಿಂದ ಎಂಟು ವಾರದೊಳಗೆ ಪಾರ್ವೋ, ಡಿಸ್ಟೆಂಪರ್ ಕಾಯಿಲೆಗಳ ಮೊದಲ ಲಸಿಕೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ, ಅಂದರೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ತಾಯಿಗೂ ಈ ಕಾಲದಲ್ಲಿ ಎರಡು-ಮೂರು ಪಟ್ಟು ಊಟ ಬೇಕು. ಮರಿ ಹಾಕಿ ಎರಡು-ಮೂರು ವಾರಕ್ಕೆ ತಾಯಿ ನಡುಗುತ್ತ, ಏದುಸಿರು ಬಿಡುತ್ತ, ಕಾಲು ಸೆಟೆದು ಬಿದ್ದರೆ ಅದು ಚಳಿಯಲ್ಲ, ಮೈಯಲ್ಲಿ ಕ್ಯಾಲ್ಸಿಯಂ ಇಳಿದಿದೆ. ಕೂಡಲೇ ವೈದ್ಯರ ಇಂಜೆಕ್ಷನ್ ಆಗಬೇಕು. ನಮ್ಮ ಕಡೆ ಇನ್ನೂ ಎರಡು ಎಚ್ಚರ: ತೋಟದ ಉಣ್ಣಿ ಕಚ್ಚಿ ಬರುವ ಜ್ವರ, ಮತ್ತು ಕಣದಲ್ಲಿ ಒಣಗುವ ಕಾಫಿ ಬೀಜ. ಕಾಫಿಯಲ್ಲಿರುವ ಕೆಫೀನ್ ನಾಯಿಗೆ ವಿಷ.

“ಎಂಟು ವಾರ ಯಾಕೆ, ಒಂದು ತಿಂಗಳ ಮರಿಯೇ ಮುದ್ದಾಗಿರುತ್ತದಲ್ಲ ಅಜ್ಜ?” ಎಂದು ಗುಮಾಸ್ತೆ ಕೇಳಿದಳು. ಮುದ್ದು ಹೌದು. ಆದರೆ ಆ ಕೊನೆಯ ನಾಲ್ಕು ವಾರ ಮರಿಗೆ ಬಾಲವಾಡಿ ಇದ್ದ ಹಾಗೆ. ಅಣ್ಣ-ತಮ್ಮಂದಿರ ಕಿವಿ ಕಚ್ಚುತ್ತದೆ. ಜೋರಾಗಿ ಕಚ್ಚಿದರೆ ಅವು ಕುಂಯ್ ಎಂದು ಆಟ ನಿಲ್ಲಿಸುತ್ತವೆ, ತಾಯಿ ಗುರ್ರೆನ್ನುತ್ತದೆ. ಎಷ್ಟು ಬಿಗಿಯಾಗಿ ಕಚ್ಚಬಾರದು ಎಂಬ ಪಾಠ ಅಲ್ಲೇ ಆಗುವುದು. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು, ಬಸ್ಸಿನ ಹಾರ್ನು, ಅಪರಿಚಿತ ಮನುಷ್ಯ ಎಲ್ಲದರ ಪರಿಚಯವೂ ಮೂರರಿಂದ ಹನ್ನೆರಡು ವಾರದ ಒಳಗೆ ಆದರೆ ನಾಯಿ ಧೈರ್ಯವಾಗಿ ಬೆಳೆಯುತ್ತದೆ. ಬೇಗ ಕಿತ್ತುಕೊಂಡು ಬಂದ ಮರಿ ಮುಂದೆ ಅಂಜುಬುರುಕ ಆಗಬಹುದು, ಕಚ್ಚುಬುರುಕವೂ ಆಗಬಹುದು.

ನಾಲ್ಕನೆಯ ಪ್ರಶ್ನೆ: ಆರು ಹೆಸರು

ಲ್ಯಾಬ್ರಡಾರ್ ಆರರಿಂದ ಎಂಟು ಮರಿ ಹಾಕುವುದು ಸಾಮಾನ್ಯ. ಆರೇ ಎಂದಿಟ್ಟುಕೊಳ್ಳೋಣ. “ಮರಿ ಬೇಕು ಎಂದವರ ಹೆಸರು ಬರೆಸು” ಎಂದೆ. ಅವನು ಒಂದೇ ಉಸಿರಿಗೆ ಒಂಬತ್ತು ಹೆಸರು ಹೇಳಿದ. “ಈಗ ಒಬ್ಬೊಬ್ಬರಿಗೂ ಫೋನ್ ಮಾಡಿ ಎರಡು ಪ್ರಶ್ನೆ ಕೇಳು. ಹೆಣ್ಣುಮರಿ ಆದರೂ ಬೇಕೆ? ಹನ್ನೆರಡು ವರ್ಷ ಸಾಕುತ್ತೀರಾ?”

ಅರ್ಧ ಗಂಟೆಯಲ್ಲಿ ಒಂಬತ್ತು ಹೋಗಿ ಎರಡಾಯಿತು. ನಾಲ್ವರು ಗಂಡುಮರಿ ಮಾತ್ರ ಸಾಕು ಎಂದರು. ಒಬ್ಬರು ಬೆಂಗಳೂರಿನ ಮಗನ ಮನೆಗೆ ಹೋಗುವವರು. ಇಬ್ಬರು “ಆಮೇಲೆ ನೋಡೋಣ” ಎಂದರು. ಬ್ಯಾಂಕಿನ ಅನುಭವದಲ್ಲಿ ಹೇಳುತ್ತೇನೆ, ಆಮೇಲೆ ನೋಡೋಣ ಎಂದವರು ಕಂತು ಕಟ್ಟುವುದಿಲ್ಲ.

ಹುಟ್ಟುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹೆಣ್ಣು. ಆದರೆ ಕೇಳುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹೆಣ್ಣು ಬೇಡ. ಉಳಿದವು ಎಲ್ಲಿ ಹೋಗುತ್ತವೆ? ಎರಡು ವರ್ಷದ ಹಿಂದೆ ಮಡಿಕೇರಿಯಿಂದ ನಮ್ಮೂರಿಗೆ ಬರುವ ರಸ್ತೆಯ ಒಂದು ತಿರುವಿನಲ್ಲಿ ಯಾರೋ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಹೋಗಿದ್ದರು. ಒಳಗೆ ಮೂರು ಮರಿ, ಒಂದು ಹಳೇ ಟವೆಲ್, ಒಂದು ಪೊಟ್ಟಣ ಬಿಸ್ಕತ್ತು. ಬಿಸ್ಕತ್ತು ಇಟ್ಟವರಿಗೆ ಕರುಣೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಆ ಮರಿಗಳಿಗೆ ಬಿಸ್ಕತ್ತು ಕಡಿಯಲು ಹಲ್ಲು ಸರಿಯಾಗಿ ಬಂದಿರಲಿಲ್ಲ. ಮೂರೂ ಹೆಣ್ಣು. ಎರಡನ್ನು ದಾರಿಯಲ್ಲಿ ಹೋಗುವವರು ಒಯ್ದರು. ಮೂರನೆಯದು ಆ ರಾತ್ರಿಯ ಚಳಿ ತಡೆಯಲಿಲ್ಲ.

ನನ್ನ ಓರಗೆಯವರಿಗೆ ಸರಮೆಯ ಕಥೆ ನೆನಪಿರಬೇಕು, ಮೊಮ್ಮಕ್ಕಳಿಗೆ ಹೇಳಿ. ಮಹಾಭಾರತದ ಆದಿಪರ್ವದಲ್ಲಿ ಜನಮೇಜಯ ರಾಜ ಯಾಗ ಮಾಡುತ್ತಿರುವಾಗ ಒಂದು ನಾಯಿಮರಿ ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತ ತಾಯಿ ಸರಮೆಯ ಹತ್ತಿರ ಹೋಗಿ, ನಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ, ಸುಮ್ಮನೆ ಹೊಡೆದರು ಎನ್ನುತ್ತದೆ. ಸರಮೆ ನೇರವಾಗಿ ಯಾಗಶಾಲೆಗೆ ಬಂದು ರಾಜನ ಮುಂದೆ ನಿಂತು, ತಪ್ಪಿಲ್ಲದ ನನ್ನ ಮರಿಯನ್ನು ಯಾಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅಷ್ಟು ದೊಡ್ಡ ಸಭೆಯಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಆಗ ಅವಳು ಶಾಪ ಕೊಡುತ್ತಾಳೆ. ಅಲ್ಲಿಂದ ಶುರುವಾದ ಮಹಾಭಾರತದ ಕೊನೆಗೆ ಧರ್ಮರಾಯ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎನ್ನುತ್ತಾನೆ. ರಟ್ಟಿನ ಪೆಟ್ಟಿಗೆಯ ಮರಿಗಳ ತಾಯಿಯೂ ಯಾವುದೋ ಮನೆಯಲ್ಲಿ ಮೂರು ದಿನ ಹುಡುಕಿರಬೇಕು. ಅವಳು ಕೇಳಿದ್ದರೆ ಆ ಮನೆಯವರೂ ಉತ್ತರ ಕೊಡಲಾಗದೆ ಕೂರುತ್ತಿದ್ದರು.

ಚಕ್ರಬಡ್ಡಿ

ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಹೆಣ್ಣುನಾಯಿ ವರ್ಷಕ್ಕೆ ಒಂದೇ ಸಲ ಆರು ಮರಿ ಹಾಕಲಿ, ಅದರಲ್ಲಿ ಮೂರು ಹೆಣ್ಣು. ಹುಟ್ಟಿದ ಹೆಣ್ಣು ಮುಂದಿನ ವರ್ಷದಿಂದ ತಾನೂ ಆರು ಮರಿ ಹಾಕಲಿ. ಯಾವುದಕ್ಕೂ ಶಸ್ತ್ರಚಿಕಿತ್ಸೆ ಆಗಿಲ್ಲ, ಎಲ್ಲವೂ ಬದುಕಿದವು ಎಂದಿಟ್ಟುಕೊಳ್ಳಿ. ಮೊದಲ ವರ್ಷ 6 ಮರಿ, ತಾಯಿಯಾಗಬಲ್ಲವು 4. ಎರಡನೆಯ ವರ್ಷ 24 ಮರಿ, ತಾಯಿಯಾಗಬಲ್ಲವು 16. ಮೂರನೆಯ ವರ್ಷ 96. ಮೂರು ವರ್ಷದಲ್ಲಿ ಒಟ್ಟು 126 ಮರಿ. ನಾನು ಕೌಂಟರಿನಲ್ಲಿ ಕೂತಿದ್ದ ಕಾಲದಲ್ಲಿ ಯಾವ ಠೇವಣಿಗೂ ಇಂಥ ಬಡ್ಡಿ ಕೊಟ್ಟಿದ್ದು ನೆನಪಿಲ್ಲ!

ನಿಜವಾಗಿ ಊರಿನಲ್ಲಿ 126 ನಾಯಿ ಆಗುವುದಿಲ್ಲ. ಹೆಚ್ಚಿನವು ಸಾಯುತ್ತವೆ. ಹಸಿವಿನಿಂದ, ಪಾರ್ವೋದಿಂದ, ಲಾರಿಯ ಚಕ್ರಕ್ಕೆ, ತೋಟದಂಚಿಗೆ ಬರುವ ಚಿರತೆಯ ಬಾಯಿಗೆ. ಉಳಿದವು ಲಸಿಕೆಯಿಲ್ಲದೆ ಬೀದಿಯಲ್ಲಿ ಬೆಳೆಯುತ್ತವೆ. ಶಾಲೆಗೆ ಹೋಗುವ ಮಕ್ಕಳನ್ನು ನಾಯಿ ಕಚ್ಚಿತು ಎಂದು ಪತ್ರಿಕೆಯಲ್ಲಿ ಓದಿದಾಗ ನಾವು ನಾಯಿಯನ್ನು ಬೈಯುತ್ತೇವೆ. ಅದರ ಅಜ್ಜಿಯೋ ಮುತ್ತಜ್ಜಿಯೋ ಯಾರದೋ ಮನೆಯ ಮುದ್ದಿನ ನಾಯಿ ಆಗಿದ್ದಿರಬಹುದು. ಯಾವ ನಾಯಿಯೇ ಕಚ್ಚಲಿ, ಸಾಕಿದ್ದೇ ಆಗಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧವಿಲ್ಲ. ಅರಿಸಿನ, ಸುಣ್ಣ, ಮೆಣಸಿನ ಪುಡಿ ಯಾವುದನ್ನೂ ಹಚ್ಚಬೇಡಿ. ಹಿರಿಯರೇ, ಇದು ನಮಗೆ ಹೇಳಿದ ಮಾತು.

ಸರ್ಕಾರವೂ ಈ ವಿಷಯವನ್ನು ಯೋಚಿಸಿದೆ. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಮಾರುವುದಕ್ಕಾಗಿ ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 18 ತಿಂಗಳು ತುಂಬದ, 8 ವರ್ಷ ದಾಟಿದ ಹೆಣ್ಣುನಾಯಿಗೆ ಮರಿ ಮಾಡಿಸುವಂತಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ ಮಾಡಿಸುವಂತಿಲ್ಲ. 8 ವಾರದೊಳಗಿನ ಮರಿಯನ್ನು ಮಾರುವಂತಿಲ್ಲ. ಇನ್ನು ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ ಪ್ರಕಾರವೇ ಅಪರಾಧ. ಬಿಸ್ಕತ್ತು ಇಟ್ಟು ಹೋದರೂ ಅಪರಾಧವೇ.

ಜಾಮೀನು ಮತ್ತು ನಾಮಿನಿ

ಬ್ಯಾಂಕಿನಲ್ಲಿ ಸ್ನೇಹಿತನ ಸಾಲಕ್ಕೆ ಜಾಮೀನು ಹಾಕುವವರನ್ನು ಬಹಳ ನೋಡಿದ್ದೇನೆ. ನಗುತ್ತ ಬಂದು ಸಹಿ ಹಾಕಿ ಕಾಫಿ ಕುಡಿದು ಹೋಗುತ್ತಾರೆ. ಐದು ವರ್ಷದ ಮೇಲೆ ನೋಟೀಸು ಬಂದಾಗಲೇ ಜಾಮೀನು ಎಂದರೇನು ಎಂದು ಗೊತ್ತಾಗುವುದು. ಮರಿ ಮಾಡಿಸುವವರು ಪ್ರತಿ ಮರಿಗೂ ಜಾಮೀನುದಾರರು. ಅವಧಿ ಹನ್ನೆರಡರಿಂದ ಹದಿನಾಲ್ಕು ವರ್ಷ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಮರಿಯ ವಿಷಯದಲ್ಲಿ ನಡೆಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲೂ ಈಗ ನಡೆಯುವುದಿಲ್ಲ ಬಿಡಿ.

ಆದ್ದರಿಂದ ಮರಿ ಕೊಡುವಾಗ ಒಂದು ಹಾಳೆಯ ಕರಾರು ಇರಲಿ. ಲಸಿಕೆ ಹಾಕಿಸಿದ ದಿನಾಂಕ, ಮುಂದಿನ ದಿನಾಂಕ. ಇಷ್ಟು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆ ಎಂಬ ಮಾತು. ಸಾಕಲು ಆಗದಿದ್ದರೆ ಬೀದಿಗೆ ಬಿಡದೆ ನಮಗೇ ವಾಪಸು ಕೊಡಿ ಎಂಬ ಮಾತು. ಎರಡೂ ಕಡೆಯವರ ಸಹಿ. ಹೆಣ್ಣುಮರಿಯ ಶಸ್ತ್ರಚಿಕಿತ್ಸೆಯ ಖರ್ಚನ್ನು ಕೊಡುವವರೇ ಹೊರುತ್ತೇವೆ ಎಂದರೆ ಇನ್ನೂ ಒಳ್ಳೆಯದು. ಹೆಣ್ಣು ಬೇಡ ಎನ್ನುವವರಿಗೆ ನಾಯಿಯ ಮೇಲೇನೂ ಸಿಟ್ಟಿಲ್ಲ, ಆರು ತಿಂಗಳಿಗೊಮ್ಮೆ ಬರುವ ಬೆದೆ ಮತ್ತು ಗೇಟಿನ ಮುಂದಿನ ಸಭೆ ಬೇಡ, ಅಷ್ಟೆ. ಶಸ್ತ್ರಚಿಕಿತ್ಸೆ ಆದ ಹೆಣ್ಣುನಾಯಿಗೆ ಅದೆರಡೂ ಇಲ್ಲ. ಮನೆ ಕಾಯುವುದರಲ್ಲಿ ಅದು ಗಂಡುನಾಯಿಗೆ ಏನೂ ಕಡಿಮೆಯಿಲ್ಲ.

ವಾಪಸು ಕೊಡಿ ಎಂಬ ಮಾತು ಯಾಕೆ ಬೇಕು ಎಂದು ನಮ್ಮ ಕಡೆಯವರಿಗೆ 2018ರ ಆಗಸ್ಟ್ ಕಲಿಸಿದೆ. ಗುಡ್ಡ ಜರಿದು ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ನಮ್ಮ ಗಾಳಿಬೀಡು ಸುತ್ತಿನ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟು ಪರಿಹಾರ ಕೇಂದ್ರಗಳಿಗೆ ಹೋಗಬೇಕಾಯಿತು. ಮಕ್ಕಳು, ಮುದುಕರನ್ನು ದಾಟಿಸುವುದೇ ಕಷ್ಟವಾಗಿದ್ದ ಹೊತ್ತಿನಲ್ಲಿ ನಾಯಿ, ದನ ಹಿಂದೆ ಉಳಿದವು. ಬಾಗಿಲು ಮುಚ್ಚಿದ ಮನೆಗಳ ಮುಂದೆ ದಿನಗಟ್ಟಲೆ ಕಾದು ಕೂತ ನಾಯಿಗಳಿದ್ದವು. ಪ್ರಾಣಿಪ್ರಿಯರು ಹೊರಗಿನಿಂದ ಬಂದು ಎಷ್ಟೋ ನಾಯಿಗಳಿಗೆ ಊಟ ಹಾಕಿದರು, ಸಾಗಿಸಿದರು. ಮನೆ ಕಳೆದುಕೊಂಡು ಪೇಟೆಯ ಬಾಡಿಗೆ ಮನೆ ಸೇರಿದವರಿಗೆ ನಾಯಿ ಇಟ್ಟುಕೊಳ್ಳುವುದು ಆಗದ ಮಾತು. ಅವರದು ತಪ್ಪಲ್ಲ. ಅಂಥ ದಿನ ಬಂದಾಗ, ಇದು ನಮ್ಮ ಮನೆಯಲ್ಲಿ ಹುಟ್ಟಿದ ಮರಿ, ಕಳಿಸಿ ಎನ್ನುವವರು ಒಬ್ಬರಿದ್ದರೆ ಆ ನಾಯಿಗೆ ಒಂದು ದಾರಿ.

ನನ್ನ ವಯಸ್ಸಿನವರಿಗೆ ಇನ್ನೊಂದು ಮಾತು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ, ತೋಟದ ಮನೆಯಲ್ಲಿ ನಾವಿಬ್ಬರು, ಜೊತೆಗೊಂದು ಮರಿ ಇರಲಿ ಎನಿಸುತ್ತದೆ. ಇರಲಿ, ಒಳ್ಳೆಯದೇ. ಆದರೆ 73ಕ್ಕೆ 13 ಕೂಡಿಸಿ ನೋಡಿ, 86. ಖಾತೆ ತೆರೆಯುವಾಗ ನಾಮಿನಿಯ ಹೆಸರು ಬರೆಸುತ್ತೇವಲ್ಲ, ನಾಯಿಗೂ ಒಬ್ಬ ನಾಮಿನಿ ಇರಬೇಕು. ಬರೆದ ಮೇಲೆ ಆ ವ್ಯಕ್ತಿಗೆ ತಿಳಿಸಬೇಕು, ಅವರು ಒಪ್ಪಿರಬೇಕು. ಎರಡು-ಮೂರು ವರ್ಷದ ದೊಡ್ಡ ನಾಯಿಯನ್ನೇ ತಂದು ಸಾಕುವುದು ನಮಗೆ ಇನ್ನೂ ಸುಲಭ. ಮರಿಯ ಹಿಂದೆ ಓಡುವ ಮಂಡಿ ಈಗ ನಮ್ಮದಲ್ಲ.

ನಾಯಿಯ ಲೆಕ್ಕವನ್ನು ಕೊನೆಯವರೆಗೂ ಇಟ್ಟ ಒಬ್ಬನ ಕಥೆ ನಮ್ಮ ನಾಡಿನ ಕಲ್ಲಿನಲ್ಲೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಅದು, ಕಾಲ ಕ್ರಿ.ಶ. 949-50. ಗಂಗ ಬೂತುಗನ ಕಡೆಯ ಮಣಲೆರ ಎಂಬ ವೀರ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಅರಸ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಹೋರಾಡಿ ಹಂದಿಯನ್ನೂ ಕೊಂದಿತು, ತಾನೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನೆಡಿಸಿದ, ಆ ಕಲ್ಲಿನ ಪೂಜೆ ನಿಲ್ಲಬಾರದೆಂದು ಭೂಮಿಯನ್ನೂ ಬಿಟ್ಟುಕೊಟ್ಟ. ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಆ ಕಲ್ಲಿನಲ್ಲಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಜೆಯಲ್ಲಿ ಹೋದಾಗ ಮಕ್ಕಳಿಗೆ ತೋರಿಸಿ.

ನಮ್ಮ ಯುವಕನ ಅರ್ಜಿ ಏನಾಯಿತು ಎಂದು ಕೇಳುತ್ತೀರಿ. ನಾನು ಮಂಜೂರು ಮಾಡಲೂ ಇಲ್ಲ, ತಿರಸ್ಕರಿಸಲೂ ಇಲ್ಲ, ನನಗೆ ಆ ಅಧಿಕಾರ ಸರ್ವಿಸಿನಲ್ಲಿದ್ದಾಗಲೂ ಇರಲಿಲ್ಲ. ಪುಸ್ತಕ ಹಿಡಿದಿದ್ದ ಹುಡುಗಿಯೇ ಅಪ್ಪನಿಗೆ ಹೇಳಿದಳು: “ಎರಡೇ ಮನೆ ಇದೆಯಲ್ಲಪ್ಪಾ, ಉಳಿದ ನಾಲ್ಕು ಮರಿ ಎಲ್ಲಿ ಮಲಗುತ್ತವೆ?” ಮುಂದಿನ ವಾರ ಅವರು ರಾಣಿಯನ್ನು ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಿಕೊಳ್ಳಲು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬರುವಾಗ ಅಂಗಡಿ ಜಗಲಿಯ ಕೆಳಗಿದ್ದ ಮೂರರಲ್ಲಿ ಒಂದು ಮರಿಯನ್ನು ನೋಡಿಟ್ಟುಕೊಂಡು ಬಂದಿದ್ದಾರೆ. ಅದಕ್ಕಿನ್ನೂ ಐದು ವಾರ. ಇನ್ನು ಮೂರು ವಾರ ತಾಯಿಗೆ ಮನೆಯಿಂದಲೇ ಅನ್ನ ಹೋಗುತ್ತದೆ.

ಈ ವಾರದ ಮನೆಗೆಲಸ: ಮಕ್ಕಳೇ, ಅಜ್ಜ-ಅಜ್ಜಿಯ ಜೊತೆ ಕೂತು ಒಂದು ಹಾಳೆಯಲ್ಲಿ ಗೆರೆ ಎಳೆಯಿರಿ. ಒಂದು ನಾಯಿಗೆ ಒಂದು ತಿಂಗಳಿಗೆ ಬೇಕಾಗುವ ಅಕ್ಕಿ, ಮೊಟ್ಟೆ ಅಥವಾ ಮಾಂಸ, ವರ್ಷದ ಲಸಿಕೆ, ಉಣ್ಣಿಯ ಔಷಧ, ಜಂತುಹುಳುವಿನ ಮಾತ್ರೆ. ದರವನ್ನು ನಿಮ್ಮೂರಿನ ಅಂಗಡಿಯಲ್ಲಿ, ಪಶು ಆಸ್ಪತ್ರೆಯಲ್ಲಿ ಕೇಳಿ ತುಂಬಿ. ವರ್ಷದ ಮೊತ್ತವನ್ನು 13ರಿಂದ ಗುಣಿಸಿ. ಆಮೇಲೆ ಆರರಿಂದ ಗುಣಿಸಿ. ಬಂದ ಅಂಕಿಯ ಕೆಳಗೆ ಮರಿ ತೆಗೆದುಕೊಳ್ಳುವ ಆರು ಮನೆಯವರ ಹೆಸರು ಬರೆಯಲು ಜಾಗ ಬಿಡಿ. ಆರೂ ಹೆಸರು ತುಂಬಿದ ದಿನ ನಾಯಿಗೆ ಜೋಡಿ ಹುಡುಕುವ ಮಾತು ತೆಗೆಯಬಹುದು.